ಹಡಗಿನ ಖೋಲಿಯ ಒಂದೇ ಪ್ಲಗ್ಗು

ಕರೆಂಟ್ ಆಫೀಸಿನಲ್ಲಿ ಕೂದಲು ಹಣ್ಣಾಗುವಷ್ಟು ಕಾಲ ನೌಕರಿ ಮಾಡಿದ್ದ ಲಗಮಣ್ಣನಿಗೆ ಹಡಗಿನ ಕೋಣೆಯಲ್ಲಿ ದೀಪ ಆರಿಸುವ ಸ್ವಿಚ್ಚು ಸಿಗಲಿಲ್ಲ. ಅವನ ಎಲ್ಲ ಫಜೀತಿಗೂ ಅದೇ ಮೂಲ. ಮಂಚದ ಮೇಲಿನ ದೀಪ ನೇರವಾಗಿ ಕಣ್ಣಿಗೇ ಹೊಡೆಯುತ್ತಿತ್ತು. ಗೋಡೆಯನ್ನೆಲ್ಲ ತಡವಿ ಸಾಕಾದ ಮೇಲೆ ಬಾಗಿಲ ಪಕ್ಕದ ಸೀಳಿನಲ್ಲಿ ಸಿಕ್ಕಿಸಿದ್ದ ಕಾರ್ಡನ್ನು ಕಿತ್ತು ದಿಂಬಿನ ಕೆಳಗಿಟ್ಟುಕೊಂಡ. ದೀಪ ಆರಿತು. ಗೆದ್ದೆನೆಂದು ಮಲಗಿದ. ಆ ಕಾರ್ಡು ಕಿತ್ತರೆ ಇಡೀ ಕೋಣೆಯ ಕರೆಂಟೇ ಹೋಗುತ್ತದೆ, ಚಾರ್ಜಿಗೆ ಹಾಕಿದ ಫೋನೂ ತನ್ನ ಜೊತೆಗೇ ಮಲಗುತ್ತದೆ ಎಂಬುದು ಅವನಿಗೆ ತಿಳಿದದ್ದು ಬೆಳಿಗ್ಗೆ.

"ರೀ, ರಾತ್ರಿ ಪೂರಾ ಎಸಿ ಇರಲಿಲ್ಲ. ಇಡ್ಲಿ ಬೆಂದಂಗ ಬೆಂದೀನಿ ನಾ," ಎಂದಳು ಹೆಂಡತಿ ಸುಮನ. "ಊರಾಗಿನ ಮಂದಿ ಕರೆಂಟ್ ತಗೀತೀರಿ ಅಂತ ನಿಮ್ಮನ್ನ ಬೈತಾರ. ಇಲ್ಲಿ ಬಂದು ಹೇಣ್ತಿದೂ ತಗದ್ರಿ?"

ಲಗಮಣ್ಣ ಫೋನಿನ ಗುಂಡಿ ಒತ್ತಿ ನೋಡಿದ. ಅವನ ಕೈಯಲ್ಲಿದ್ದ ಫೋನು ಒಮ್ಮೆ ಮಿಣುಕಿ ಕಪ್ಪಾಯಿತು.

ಬೇರೆ ದಿನವಾಗಿದ್ದರೆ ಆಗಲಿ ಎನ್ನುತ್ತಿದ್ದ. ಆದರೆ ಅವನ ಮನೆ ಇದ್ದದ್ದು ಗೋಕಾಕದಲ್ಲಿ, ನೌಕರಿ ಹುಕ್ಕೇರಿಯಲ್ಲಿ. ದಿನಾ ಕೋಳಿ ಕೂಗುವ ಹೊತ್ತಿಗೆ ಎದ್ದು, ಘಟಪ್ರಭಾದಲ್ಲಿ ಬಸ್ಸು ಬದಲಿಸಿ, ನಿಂತೇ ಹೋಗಿ ನಿಂತೇ ಬರುತ್ತಿದ್ದ. ಬಸ್ಸಿನ ಕಂಬಿಗೆ ಜೋತುಬಿದ್ದು ಅವನ ಬಲಗೈ ಎಡಗೈಗಿಂತ ಉದ್ದವಾಗಿದೆ ಎಂದು ಸುಮನ ಎಲ್ಲರ ಮುಂದೆ ಹೇಳಿ ನಗುತ್ತಿದ್ದಳು. ಈ ಸಲದ ವರ್ಗಾವಣೆ ಮೊಬೈಲಿನಲ್ಲೇ ನಡೆಯುವುದಿತ್ತು. ಇಲಾಖೆಯ ಜಾಲತಾಣ ತೆರೆದು, ಫೋನಿಗೆ ಬರುವ ಓಟಿಪಿ ಹಾಕಿ, ಬೇಕಾದ ಊರನ್ನು ಒತ್ತಬೇಕು. ಗೋಕಾಕದಲ್ಲಿ ಖಾಲಿ ಇದ್ದದ್ದು ಒಂದೇ ಕುರ್ಚಿ. ಮೊದಲು ಒತ್ತಿದವರಿಗೆ ಅದು. ಹುಕ್ಕೇರಿ, ಮೂಡಲಗಿ ಆಫೀಸಿನವರೆಲ್ಲ ಸೇರಿ ಹಡಗಿನ ಪ್ರವಾಸಕ್ಕೆ ಟಿಕೆಟ್ ತೆಗೆಸಿದ ಮೇಲೆ ಆ ತಾರೀಖು ಪ್ರಕಟವಾಗಿತ್ತು. ಅದು ಇದೇ ದಿನ. ಮಧ್ಯಾಹ್ನದ ಮೇಲೆ ಹಡಗು ಗೋವಾದ ದಂಡೆಗೆ ಹತ್ತಿರವಾದಾಗ ಟವರು ಸಿಗುತ್ತದೆ ಎಂದು ಹಡಗಿನವರು ಹೇಳಿದ್ದರು. ಅಷ್ಟರಲ್ಲಿ ಫೋನಿಗೆ ಜೀವ ಬರಬೇಕಿತ್ತು.

ಈ ಗುಟ್ಟನ್ನು ಲಗಮಣ್ಣ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಹೆಂಡತಿಗಂತೂ ಮೊದಲೇ ಇಲ್ಲ. ಸುಮನಳಿಗೆ ಹೇಳುವುದೂ ಗೋಕಾಕದ ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಕೂಗುವುದೂ ಒಂದೇ ಎಂಬುದು ಅವನ ಅನುಭವ.

ಕೋಣೆಯಲ್ಲಿದ್ದ ಪ್ಲಗ್ಗೂ ಒಂದೇ. ಅದರ ತೂತುಗಳು ಚಪ್ಪಟೆ. ನಮ್ಮ ಚಾರ್ಜರುಗಳ ಕಡ್ಡಿಗಳು ದುಂಡಗೆ. ತಂಡದವರೆಲ್ಲ ತಂದಿದ್ದ ಉದ್ದನೆಯ ಎಕ್ಸ್‌ಟೆನ್ಷನ್ ಬೋರ್ಡುಗಳನ್ನು ಮುಂಬೈಯಲ್ಲಿ ಹಡಗು ಹತ್ತುವಾಗಲೇ ಕಾವಲಿನವರು ಕಸಿದಿಟ್ಟುಕೊಂಡಿದ್ದರು. ಗೋಕಾಕದ ಮಾರ್ಕೆಟ್ಟಿನಲ್ಲಿ ಲಗಮಣ್ಣ ಕೊಂಡಿದ್ದ ಸಣ್ಣ ಪಿನ್ನೊಂದು ಮಾತ್ರ ಔಷಧದ ಚೀಲದೊಳಗೆ ಕೂತು ಪಾರಾಗಿತ್ತು. ಅದನ್ನು ಸಿಕ್ಕಿಸಿದರೆ ಯಾವ ಚಾರ್ಜರಾದರೂ ಕೂರುತ್ತಿತ್ತು. ಆದರೆ ಒಂದು ಸಲಕ್ಕೆ ಒಂದೇ. ಆ ವಿಷಯ ಹಿಂದಿನ ಸಂಜೆ ಊಟದ ಮೇಜಿನಲ್ಲಿ ಸುಮನಳ ಬಾಯಿಂದ ಹೊರಟು, ಎಲ್ಲರ ಕೋಣೆಗಳನ್ನೂ ಮುಟ್ಟಿತ್ತು.

ಫೋನನ್ನು ಸಿಕ್ಕಿಸಿ ತಿರುಗುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಗುರುಲಿಂಗಪ್ಪ ಸಾಹೇಬರು. ಹುಕ್ಕೇರಿ ಆಫೀಸಿನ ಮುಖ್ಯಸ್ಥರು, ಲಗಮಣ್ಣನ ರಜೆ ಅರ್ಜಿಗೆ ಸಹಿ ಹಾಕುವವರು. ಕೈಯಲ್ಲಿ ಕಿವಿಯ ಮಷೀನಿನ ಡಬ್ಬಿ.

"ಲಗಮಣ್ಣ, ನಿನ್ನ ಕಡೆ ಪಿನ್ ಐತೆಂತಲ್ಲ?"

"ಐತ್ರಿ ಸಾಹೇಬ್ರ. ಆದ್ರ ಈಗಷ್ಟ ನಂದು ಹಾಕೀನ್ರಿ."

"ಹಾಕು, ಹಾಕು. ಅದಕ್ಕ ತಂದೀನಿ."

"ಹಂಗಲ್ರಿ, ನಂದು ಪೂರಾ ಸತ್ತೈತ್ರಿ!"

ಸಾಹೇಬರ ಮುಖ ಬಾಡಿತು. "ಯಾರು ಸತ್ರು? ಅಯ್ಯ ಪಾಪ! ಮೊದಲ ಹೇಳಬಾರದಾ? ಮಣ್ಣು ಯಾವಾಗ?"

"ಫೋನ್ರಿ! ಫೋನ್!"

"ಹೌದೌದು, ಮನಿಗೆ ಫೋನ್ ಹಚ್ಚಿ ಸಮಾಧಾನ ಹೇಳು," ಎಂದು ಸಾಹೇಬರು ಅವನ ಬೆನ್ನು ತಟ್ಟಿ, ಡಬ್ಬಿಯನ್ನು ಕೈಗಿಟ್ಟು, ಮಂಚದ ಮೇಲೆಯೇ ಕೂತರು. ಕಿವಿ ಕೇಳಿಸದವರ ಜೊತೆ ವಾದ ಮಾಡಬಹುದು. ಮೇಲಿನ ಸಾಹೇಬರ ಜೊತೆ ಮಾಡಲಾಗದು. ಲಗಮಣ್ಣ ತನ್ನ ಫೋನು ಕಿತ್ತು ಸಾಹೇಬರ ಕಿವಿಯನ್ನು ಸಿಕ್ಕಿಸಿದ.

ಕಿವಿಗೆ ಹೊಟ್ಟೆ ತುಂಬುವಷ್ಟರಲ್ಲಿ ಅನ್ನಪೂರ್ಣಾ ಬಂದಳು. ಹುಕ್ಕೇರಿ ಆಫೀಸಿನ ಟೈಪಿಸ್ಟು. ಬಗಲಲ್ಲಿ ಸೀರೆಯಲ್ಲಿ ಸುತ್ತಿದ ಗಂಟು, ಕೂಸನ್ನು ಎತ್ತಿಕೊಂಡು ಬಂದಂತೆ. ಬಿಚ್ಚಿದರೆ ಒಳಗೆ ನೀರು ಕಾಯಿಸುವ ಕೆಟಲು.

"ಈ ಹಡಗಿನ ಚಾ ಅಂದ್ರ ಭಾಂಡಿ ತೊಳದ ನೀರು ನೋಡ್ರಿ ಲಗಮಣ್ಣಾರ. ಒಂದ ಕುದಿ ಬಂದ್ರ ಸಾಕು, ಸಾಹೇಬ್ರಿಗೂ ಆಕ್ಕೈತಿ."

"ಬ್ಯಾಡ್ರಿ ಬಾಯಾರ, ಇದನ್ನ ಹಚ್ಚಾಕ ಇಲ್ಲಿ ಪರವಾನಗಿ ಇಲ್ಲ. ಬಾಗಲ ಹಿಂದ ಬರದಾರ."

"ನೀವ ಕರೆಂಟಿನವ್ರು. ನಿಮಗ್ಯಾರ ಪರವಾನಗಿ ಕೊಡವ್ರು?"

ಚಹಾ ಎಂಬ ಮಾತು ಮಾತ್ರ ಸಾಹೇಬರಿಗೆ ಮಷೀನಿಲ್ಲದೆಯೂ ಕೇಳಿಸಿತು. "ಸಕ್ರಿ ಕಡಿಮಿ ಹಾಕು," ಎಂದರು. ಅನ್ನಪೂರ್ಣಾ ಕಿವಿಯ ಡಬ್ಬಿ ಕಿತ್ತು ಸಾಹೇಬರ ಕೈಗಿಟ್ಟು ಕೆಟಲು ಸಿಕ್ಕಿಸಿದಳು. ನೀರು ಗುಣುಗುಟ್ಟಿತು, ಪ್ಲಗ್ಗು ಚಟ್ ಎಂದಿತು. ಕೋಣೆ ಕತ್ತಲಾಯಿತು. ಮರುಕ್ಷಣ ಹೊರಗಿನ ಓಣಿಯಲ್ಲೂ ಕತ್ತಲು, ಸಾಲು ಕೋಣೆಗಳಿಂದ ಕೂಗು. ಯಾರೋ ಮೈತುಂಬ ಸಾಬೂನು ಹಚ್ಚಿಕೊಂಡವರು ಬೈಯುತ್ತಿದ್ದರು.

ಅನ್ನಪೂರ್ಣಾ ಕೆಟಲನ್ನು ಮತ್ತೆ ಸೀರೆಗೆ ಸುತ್ತಿ ಕತ್ತಲಲ್ಲೇ ಕರಗಿದಳು. ಟಾರ್ಚು ಹಿಡಿದು ಬಂದ ಹಡಗಿನ ಎಲೆಕ್ಟ್ರಿಷಿಯನ್ನನಿಗೆ ಸಿಕ್ಕವನು, ಕೈಯಲ್ಲಿ ಪಿನ್ನು ಹಿಡಿದು ನಿಂತಿದ್ದ ಲಗಮಣ್ಣ.

"ಯೇ ಕಿಸ್ನೇ ಕಿಯಾ?" ಯಾರು ಮಾಡಿದ್ದಿದು ಎಂದು ಗದರಿದ.

ನೆರೆದ ತಂಡದವರು ಚೇಷ್ಟೆಗೆಂದು ಲಗಮಣ್ಣನನ್ನು ಮುಂದೆ ತಳ್ಳಿದರು. "ಇವ್ರು ಬಿಜಲಿ ಖಾತೆದವ್ರ ಅದಾರ! ರಿಪೇರಿ ಇವ್ರ ಮಾಡ್ತಾರ, ನೀ ಬಾಜೂಕ ಸರಿ!"

ಎಲೆಕ್ಟ್ರಿಷಿಯನ್ನನಿಗೆ ಗೌರವ ಮೂಡಿತು. ಗೋಡೆಯ ಪೆಟ್ಟಿಗೆಯನ್ನು ತೆರೆದು, ಸಾಲು ಸ್ವಿಚ್ಚುಗಳ ಮೇಲೆ ಬೆಳಕು ಬಿಟ್ಟು, ಇಂಥದ್ದಕ್ಕೆ ನಿಮ್ಮಲ್ಲಿ ಏನು ಮಾಡುತ್ತೀರಿ ಎಂದು ಹಿಂದಿಯಲ್ಲಿ ಕೇಳಿದ. ಓಣಿಯವರೆಲ್ಲ ಕತ್ತು ಚಾಚಿದರು. ಇಷ್ಟು ವರ್ಷದಲ್ಲಿ ಲಗಮಣ್ಣ ಮನೆಯ ಫ್ಯೂಜನ್ನೂ ಮುಟ್ಟಿದವನಲ್ಲ.

"ನಾ... ನಾ ಬಿಲ್ ಸೆಕ್ಷನ್ನಿನವ್ರಿ. ಕರೆಂಟ್ ಹೋದ ಮ್ಯಾಲ ನಮ್ಮ ಕೆಲಸ ಇಲ್ಲ."

ಓಣಿಯಲ್ಲಿ ನಗೆ ಎದ್ದಿತು. ಅಷ್ಟರಲ್ಲಿ ಮಷೀನು ಕಿವಿಗೆ ಹಾಕಿಕೊಂಡಿದ್ದ ಗುರುಲಿಂಗಪ್ಪ ಸಾಹೇಬರು ಎಲ್ಲರಿಗಿಂತ ಜೋರಾಗಿ ನಕ್ಕರು. ನಗದೆ ನಿಂತವನು ಒಬ್ಬನೇ, ಮೂಡಲಗಿ ಆಫೀಸಿನ ಪ್ರಭು. ಲಗಮಣ್ಣನದೇ ದರ್ಜೆಯ, ಅವನಿಗಿಂತ ಹದಿನೈದು ವರ್ಷ ಸಣ್ಣವ. ಮನೆಯೆದುರಿಗೇ ಆಫೀಸು ಇದ್ದ ಪುಣ್ಯವಂತ. ಅವನು ಎಲೆಕ್ಟ್ರಿಷಿಯನ್ನನ ಕೈ ಹಿಡಿದು, ತಪ್ಪಾಯಿತು ಬಿಡಿ ಎಂದು ಸಮಾಧಾನ ಹೇಳಿ ಕಳಿಸಿದ.

ಕರೆಂಟು ಮರಳಿದ್ದು ಊಟದ ಹೊತ್ತಿಗೆ. ಲಗಮಣ್ಣ ಊಟಕ್ಕೆ ಹೋಗಲಿಲ್ಲ. ಬಾಗಿಲ ಚಿಲಕ ಹಾಕಿ, ಮರಿ ಹಾಕಿದ ಬೆಕ್ಕು ಮರಿಯನ್ನು ಕಾಯುವಂತೆ ಫೋನನ್ನು ಕಾಯುತ್ತ ಕೂತ. ಪರದೆ ಬೆಳಗಿತು. ಅಂಕಿ ನಿಧಾನವಾಗಿ ಏರತೊಡಗಿತು. ಆಗ ಊಟ ಮುಗಿಸಿ ಬಂದ ಸುಮನ ಬಾಗಿಲು ಬಡಿದು ತೆರೆಸಿದಳು. ಹಿಂದೆಯೇ ಪ್ರಭು, ಚಾರ್ಜರನ್ನು ಎರಡೂ ಕೈಯಲ್ಲಿ ಹಿಡಿದು.

"ಅಣ್ಣಾರ, ತಪ್ಪ ತಿಳೀಬ್ಯಾಡ್ರಿ. ಜರಾ ಚಾರ್ಜ್ ಆದ್ರ ಸಾಕ್ರಿ. ಅವ್ವಗ ಫೋನ್ ಮಾಡಬೇಕಾಗಿತ್ತು. ಮನ್ಯಾಗ ಒಬ್ಬಾಕಿನ ಅದಾಳ, ಮಣಕಾಲ ನೋವು."

ಲಗಮಣ್ಣ ತನ್ನ ಫೋನು ನೋಡಿದ. ತನಗೆ ಯಾಕೆ ತುರ್ತು ಎಂದು ಹೇಳಿಬಿಟ್ಟರೆ ಮುಗಿಯುತ್ತಿತ್ತು. ಹೇಳುವಂತಿರಲಿಲ್ಲ. "ನಮ್ಮ ಮಗಳು ಪೂನಮ್‌ಗೂ ಫೋನ್ ಮಾಡೂದೈತಿ. ಪರೀಕ್ಷಾ ನಡದಾವ," ಎಂದು ಸುಳ್ಳು ಹೊಸೆದ.

"ಯಾವ ಪರೀಕ್ಷಾ?" ಎಂದಳು ಸುಮನ. "ಪರೀಕ್ಷಾ ಮುಗದು ಎಷ್ಟ ದಿನಾ ಆತು! ಆಕಿ ಮಸಗುಪ್ಪಿಯೊಳಗ ಅತ್ತಿ ಮನ್ಯಾಗ ಕುಂತು ಸೀತಾಫಲ ತಿನ್ನಾಕತ್ತಾಳ. ಕೊಡ್ರಿ ಅವಂಗ, ಪಾಪ. ತಾಯಿನ್ನ ನೆನಸೋ ಮಕ್ಕಳು ಈಗೆಲ್ಲಿ ಅದಾರ?"

ಪ್ರಭುವಿನ ಮುಖದಲ್ಲಿ ಅಂಥ ದೈನ್ಯ. ಮೇಲಾಗಿ ಬೆಳಿಗ್ಗೆ ನಗದೆ ನಿಂತ ಋಣ. ಇರುವುದು ಒಂದು ಓಟಿಪಿಗೆ ಸಾಕು ಎಂದು ಲೆಕ್ಕ ಹಾಕಿ ಲಗಮಣ್ಣ ತನ್ನದನ್ನು ಕಿತ್ತುಕೊಟ್ಟ. ಪ್ರಭುವಿನ ಹೊಸ ಫೋನು ಎಮ್ಮೆ ಕಲಗಚ್ಚು ಕುಡಿದಂತೆ ಗಟಗಟನೆ ಕರೆಂಟು ಕುಡಿಯಿತು. ಸಾಕಾದ ಮೇಲೆ ಅವನು ವಯರನ್ನು ನೀಟಾಗಿ ಸುತ್ತಿಕೊಂಡು, "ನಿಮ್ಮ ಉಪಕಾರ ಮರಿಯೂದಿಲ್ರಿ ಅಣ್ಣಾರ," ಎಂದು ಕೈಮುಗಿದು ಹೋದ.

"ಗೋವಾ ಬಂತು!" ಎಂಬ ಗದ್ದಲ ಕೇಳಿ ಲಗಮಣ್ಣ ಮೇಲಿನ ಅಂತಸ್ತಿಗೆ ಓಡಿದ. ದೂರದಲ್ಲಿ ದಂಡೆಯ ಹಸಿರು ಗೆರೆ. ಜನರೆಲ್ಲ ಫೋನು ಎತ್ತಿ ಹಿಡಿದು ಆಕಾಶಕ್ಕೆ ಆರತಿ ಬೆಳಗುತ್ತಿದ್ದರು. ಎಡಗಡೆ ಟವರಿದೆ ಎಂದರು, ಎಡಕ್ಕೆ ಓಡಿದ. ಬಲಕ್ಕೆ ಎಂದರು, ಬಲಕ್ಕೆ ಓಡಿದ. ಕೊನೆಗೆ ಈಜುಕೊಳದ ಅಂಚಿನಲ್ಲಿ ಒಂಟಿಗಾಲಲ್ಲಿ ನಿಂತಾಗ ಜಾಲತಾಣ ತೆರೆಯಿತು. ಮೊದಲ ಓಟಿಪಿಯನ್ನು ಅವಸರದಲ್ಲಿ ತಪ್ಪಾಗಿ ಒತ್ತಿದ. ಎರಡನೆಯದು ಸರಿಯಾಯಿತು. ಊರುಗಳ ಪಟ್ಟಿ ಬಿಚ್ಚಿತು.

ಗೋಕಾಕ: ಭರ್ತಿಯಾಗಿದೆ.

ಕಣ್ಣುಜ್ಜಿ ಮತ್ತೆ ನೋಡಿದ. ಭರ್ತಿಯಾಗಿತ್ತು. ಖಾಲಿ ಉಳಿದದ್ದು ಹೆಸರೇ ಕೇಳದ ಎರಡು ದೂರದ ಊರು, ಮತ್ತೆ ಹುಕ್ಕೇರಿ. ಹುಕ್ಕೇರಿಯ ಕುರ್ಚಿ ಅಂದರೆ ಈಗ ಅವನೇ ಕೂರುತ್ತಿದ್ದ ಕುರ್ಚಿ. ಅದೂ ಕೈಬಿಟ್ಟರೆ ಎಂಬ ಹೆದರಿಕೆಯಲ್ಲಿ ಅದನ್ನೇ ಒತ್ತಿದ. "ಅಭಿನಂದನೆಗಳು! ನೀವು ಬಯಸಿದ ಸ್ಥಳ ನಿಮಗೆ ದೊರೆತಿದೆ" ಎಂದಿತು ಫೋನು.

ಲಗಮಣ್ಣ ಅಲ್ಲೇ ಕುರ್ಚಿಯೊಂದರಲ್ಲಿ ಕುಸಿದ. ಬಯಸಿದ ಸ್ಥಳ! ಇನ್ನೂ ಎಷ್ಟು ವರ್ಷ ಘಟಪ್ರಭಾದ ಧೂಳು ಎಂದು ಎಣಿಸಲು ಧೈರ್ಯವಾಗಲಿಲ್ಲ. ಯಾರು ಆ ಪಾಪಿ ಎಂದು ಯೋಚಿಸಿದ. ಬೆಳಗಾವಿಯಲ್ಲಿ ಕೂತು, ಗೋಡೆ ತುಂಬ ಪ್ಲಗ್ಗುಗಳಿರುವ ಮನೆಯಲ್ಲಿ ಫೋನು ತುಂಬಿಸಿಕೊಂಡ ಯಾವನೋ ಇರಬೇಕು.

"ಅಣ್ಣಾರ, ಇಲ್ಲಿ ಅದೀರಿ? ಎಲ್ಲಾ ಕಡೆ ಹುಡಿಕ್ಯಾಡೀನ್ರಿ!" ಪ್ರಭು ಎರಡು ಬಟ್ಟಲು ಐಸ್‌ಕ್ರೀಮು ಹಿಡಿದು ಬಂದು, ಬಗ್ಗಿ ಕಾಲು ಮುಟ್ಟಿದ. ಹಿಂದೆ ನಗುನಗುತ್ತ ಸುಮನ.

"ಬಾಯಿ ಸಿಹಿ ಮಾಡ್ರಿ. ಗೋಕಾಕ ಸಿಕ್ತು ನನಗ! ನಿಮ್ಮ ಪಿನ್ ಇರಲಿಲ್ಲಂದ್ರ ಹೋಗಿತ್ತ್ರಿ. ಟವರ್ ಬಂದ ಕೂಡಲೇ ಒತ್ತೇಬಿಟ್ಟೆ."

ಲಗಮಣ್ಣ ಪ್ರಭು ಚಾಚಿದ ಬಟ್ಟಲನ್ನು ಹಿಡಿದುಕೊಂಡೇ ಕೇಳಿದ. "ನೀ... ನಿಮ್ಮವ್ವಗ ಫೋನ್ ಅಂದಿದ್ದಿ."

"ಅದ ಹೇಳಾಕ ಬಂದೆ ನೋಡ್ರಿ," ಎಂದು ಪ್ರಭು ದನಿ ತಗ್ಗಿಸಿದ. "ಅವ್ವಗೂ ನನ್ನ ಹೇಣ್ತಿ ಅರ್ಚನಾಗೂ ಒಂದ ನಿಮಿಷ ಕೂಡಂಗಿಲ್ರಿ. ಮೂಡಲಗಿ ಬಿಡೂತನಾ ನನಗ ನಿದ್ದಿ ಇರಲಿಲ್ಲ. ಯಾರಿಗಿ ಹೇಳೂದ್ರಿ ಇದನ್ನ? ಇನ್ನ ಅವ್ವ ಮೂಡಲಗ್ಯಾಗ, ನಾವು ಗೋಕಾಕದಾಗ."

"ಗೋಕಾಕದಾಗ ಅಂದ್ರ ನಮ್ಮ ಮಾಳಗಿ ಮ್ಯಾಲಿನ ಮನ್ಯಾಗ!" ಸುಮನ ಸಂಭ್ರಮದಿಂದ ಹೇಳಿದಳು. "ಖಾಲಿ ಬಿದ್ದಿತ್ತಲ್ಲ, ನಾ ಹೂಂ ಅಂದೀನಿ. ಆಫೀಸು ಅಲ್ಲಿಂದ ನಡಕೋತ ಹೋಗುವಷ್ಟ ಹತ್ರ ಐತಿ."

ಐಸ್‌ಕ್ರೀಮು ಲಗಮಣ್ಣನ ಬೆರಳ ಮೇಲೆ ಕರಗಿ ಹರಿಯಿತು. ಪ್ರಭು ತನ್ನ ಕರವಸ್ತ್ರದಿಂದ ಅದನ್ನು ಒರೆಸಿದ.

"ನೀವು ಏನೂ ಕಾಳಜಿ ಮಾಡಬ್ಯಾಡ್ರಿ ಅಣ್ಣಾರ. ನನಗೇನು, ಹತ್ತಕ್ಕ ಆಫೀಸು. ದಿನಾ ಮುಂಜಾನೆ ಎದ್ದು ನಿಮ್ಮನ್ನ ನಾನ ಗಾಡಿ ಮ್ಯಾಲ ಘಟಪ್ರಭಾ ಬಸ್ಸಿಗೆ ಬಿಟ್ಟು ಬರ್ತೀನಿ."

"ನೋಡ್ರಿ," ಎಂದಳು ಸುಮನ, ಗಂಡನ ಕಡೆಗೆ ತಿರುಗಿ, "ಎಷ್ಟ ಚಲೋ ಹುಡುಗ!"