ಎರಡು ಕಂಪ್ಯೂಟರಿಗೆ ಒಂದೇ ಮನೆದೇವರು

ಚಳ್ಳಕೆರೆಯ ನಮ್ಮ ಮನೆಯಲ್ಲಿ ಕಂಪ್ಯೂಟರ್ ಎರಡು. ಮುಂದಿನ ಕೋಣೆಯಲ್ಲಿ ಯಜಮಾನರ ಟೈಪಿಂಗ್ ಅಂಗಡಿ. ಹೊಸದು ಅಲ್ಲಿ, ಪ್ರಿಂಟರೂ ಅಲ್ಲೇ. ಹಳೆಯದು ಒಳಗೆ, ದೇವರ ಗೂಡಿನ ಪಕ್ಕ, ನನ್ನ ಪಾಲಿಗೆ. ಎರಡಕ್ಕೂ ವೈರಿನ ಸಂಬಂಧ. ಒಳಗೆ ಒತ್ತಿದರೆ ಹೊರಗೆ ಪ್ರಿಂಟ್! ದೇವರು ಇಷ್ಟಾದರೂ ಕೊಟ್ಟಿದ್ದಾನಲ್ಲ ಎಂದು ದಿನವೂ ಕೈಮುಗಿಯುತ್ತಿದ್ದೆ.

ಶ್ರಾವಣದ ಕೊನೆಯ ಸೋಮವಾರ ನಮ್ಮಲ್ಲಿ ಭಜನೆ. ಈ ಸಲ ಎಲ್ಲರಿಗೂ ಅಚ್ಚಾದ ಪದಗಳನ್ನೇ ಕೊಡುತ್ತೇನೆಂದು ಭಜನೆ ಸಂಘದ ಹೆಂಗಸರೆದುರು ಘೋಷಿಸಿಬಿಟ್ಟಿದ್ದೆ.

"ಹಾರ್ಮೋನಿಯಂ ಒತ್ತಾಕೆ ಬರಲ್ಲ, ಕಂಪ್ಯೂಟರ್ ಒತ್ತುತೀಯೇನವ್ವ?" ಎಂದಳು ಪಕ್ಕದ ಮನೆಯ ಓಬಮ್ಮ.

ನನ್ನ ಮಾನ ಆ ಮಾತಿಗೆ ನೇತುಬಿತ್ತು. ಗಣಪತಿಯಿಂದ ಮಂಗಳಾರತಿವರೆಗೆ, ಹಾಳೆಗೊಂದು ಪದದಂತೆ, ಒಬ್ಬಳೇ ಕೂತು ಟೈಪ್ ಮಾಡಿದೆ.

ಭಾನುವಾರ ಒಂದು ಶುಭಕಾರ್ಯ ಹೊಳೆಯಿತು. ವೈರು ಎಳೆದವರು ಕಂಪ್ಯೂಟರುಗಳಿಗೆ 'ಪಿಸಿ ಒಂದು', 'ಪಿಸಿ ಎರಡು' ಎಂದು ಹೆಸರಿಟ್ಟು ಹೋಗಿದ್ದರು. ಎಮ್ಮೆ ಕರುವಿಗೂ ಒಳ್ಳೆಯ ಹೆಸರಿಡುವ ಮನೆ ನಮ್ಮದು! ಹೆಸರು ಬದಲಿಸುವುದನ್ನು ಯಜಮಾನರು ಮಾಡುವಾಗ ನೋಡಿದ್ದೆ. ಎರಡಕ್ಕೂ ನಮ್ಮ ಮನೆದೇವರಾದ ನಾಯಕನಹಟ್ಟಿ ಅಜ್ಜಯ್ಯನ ಹೆಸರಿಟ್ಟೆ. ಆ ಹೆಸರನ್ನು ಇಲ್ಲಿ ಬರೆಯಲಾರೆ, ಏಕೆಂದರೆ ನಮ್ಮ ಯಜಮಾನರ ಹೆಸರೂ ಅದೇ. ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ದೋಷವಿಲ್ಲ ಎಂದು ನಾನೇ ಶಾಸ್ತ್ರ ಹೇಳಿಕೊಂಡೆ.

ಸೋಮವಾರ ಯಜಮಾನರು ಕೆಲಸದ ಮೇಲೆ ರಾಂಪುರಕ್ಕೆ ಹೋದರು. ಶುಭಾರಂಭಕ್ಕೆಂದು ಗಣಪತಿ ಪದವನ್ನು ಎಲ್ಲರಿಗೂ ಆಗುವಷ್ಟು ಪ್ರತಿ ಕೊಟ್ಟು ಒತ್ತಿದೆ. ಪ್ರಿಂಟರ್ ತುಟಿ ಬಿಚ್ಚಲಿಲ್ಲ. ಹುಡುಕಿ ನೋಡಿದರೆ ಒಳಗಿನ ಕಂಪ್ಯೂಟರ್, ಮುಂದಿನ ಕೋಣೆಯಲ್ಲಿ ಯಾರೂ ಇಲ್ಲವೆನ್ನುತ್ತಿದೆ! ಆಸ್ತಿ ಪಾಲಾದ ಅಣ್ಣತಮ್ಮಂದಿರೂ ಇಷ್ಟು ಗುರುತು ಮರೆಯುವುದಿಲ್ಲ.

ವೈರು ಕಿತ್ತು, ಸೆರಗಿನಲ್ಲಿ ಒರೆಸಿ, ಮತ್ತೆ ಸಿಕ್ಕಿಸಿದೆ. ಗಣಪತಿ ಒತ್ತಿದೆ. ಇಲ್ಲ. ಎರಡಕ್ಕೂ ವಿಭೂತಿ ಹಚ್ಚಿ ಗಣಪತಿ ಒತ್ತಿದೆ. ಇಲ್ಲ! ಫ್ಲಾಪಿಯಲ್ಲಿ ಒಯ್ಯೋಣವೆಂದರೆ ಅದನ್ನು ತೂರಿಸುವ ಕಂಪ್ಯೂಟರಿನ ಬಾಯಿ ಕೆಟ್ಟು ಎಷ್ಟೋ ಕಾಲವಾಗಿತ್ತು.

ಕೊನೆಗೆ ಮೊಳಕಾಲ್ಮೂರಿನಲ್ಲಿ ಕಂಪ್ಯೂಟರ್ ಕಲಿಸುವ ತಂಗಿ ಮಂಜುಳಾಗೆ ಫೋನ್ ಮಾಡಿದೆ.

"ಆನ್ ಮಾಡಿದಾಗ ಏನಾದ್ರೂ ಹೇಳ್ತೈತೇನಕ್ಕ?"

"ಹೂಂ ಕಣೆ, ಇಂಗ್ಲಿಷ್ನಾಗೆ ಏನೋ ಬರ್ತೈತೆ. ಹೆಸರು ಐತೆ ಅಂತ. ಅಜ್ಜಯ್ಯ ಇದಾನೆ ಅಂತ ಅದೇ ಒಪ್ಕಂತಲ್ಲ, ಕೈಮುಗಿದು ಓಕೆ ಒತ್ತಿದೆ."

"ಹೆಸರು ಅನ್ನೋದಕ್ಕೆ ಮೊದಲು ಏನೈತೆ, ಓದು."

ಅಕ್ಷರ ಕೂಡಿಸಿ ಓದಿದೆ. ಡೂಪ್ಲಿಕೇಟ್! ನಮ್ಮ ಯಜಮಾನರ ಹೆಸರು ಡೂಪ್ಲಿಕೇಟ್!

"ಮುಂದಿನದಕ್ಕೆ ಏನು ಹೆಸರಿಟ್ಟೆ?"

"ಹೆಂಗೇ ಹೇಳ್ಲಿ? ನಿಮ್ಮ ಭಾವಂದು."

"ಒಳಗಿನದಕ್ಕೆ?"

"ಅದಕ್ಕೂ ನಿಮ್ಮ ಭಾವಂದೇ."

"ಅಯ್ಯೋ ಅಕ್ಕಾ! ಒಂದೇ ಮನೆಯಾಗೆ ಇಬ್ರು ಭಾವಂದಿರನ್ನ ಇಟ್ಕಂಡಿದೀಯಲ್ಲೇ!" ಅವಳ ನಗು ಫೋನಿಲ್ಲದೆಯೂ ಕೇಳುವಂತಿತ್ತು. "ಹೆಸರು ಒಂದೇ ಆದ್ರೆ ಒಂದಕ್ಕೊಂದು ಗುರುತು ಸಿಗಲ್ಲ. ಒಳಗಿನದಕ್ಕೆ ನಿನ್ನ ಹೆಸರಿಡು. ಆಮೇಲೆ 'ಪಿಂಗ್' ಅಂತ ಹೊಡೆದು, ಪಕ್ಕದಾಗೆ ಭಾವನ ಹೆಸರು ಹೊಡಿ. ಅದು ಹೆಸರು ಹಿಡಿದು ಕೂಗಿದಂಗೆ. ಇದ್ರೆ ಓಗೊಡ್ತೈತೆ."

ಒಳಗಿನದಕ್ಕೆ ಗಂಗಮ್ಮ ಎಂದು ನನ್ನ ಹೆಸರಿಟ್ಟೆ. ಆಫ್ ಮಾಡಿ ಆನ್ ಮಾಡಿದೆ. ಮನಸ್ಸಿನಲ್ಲೇ ತಾಳಿ ಮುಟ್ಟಿಕೊಂಡು, ಮದುವೆಯಾದಂದಿನಿಂದ ಮೊದಲ ಬಾರಿಗೆ ಗಂಡನನ್ನು ಹೆಸರು ಹಿಡಿದು ಕರೆದೆ.

ಉತ್ತರ ಬಂತು. ಒಂದಲ್ಲ, ನಾಲ್ಕು ಸಲ! 'ರೀ, ರೀ' ಎಂದು ಗಂಟಲು ಹರಿದರೂ ಒಮ್ಮೆ ತಿರುಗದವರು, ಹೆಸರು ಹಿಡಿದರೆ ನಾಲ್ಕು ಸಲ ಓಗೊಡುತ್ತಾರೆಂದು ಮೊದಲೇ ಗೊತ್ತಿದ್ದರೆ! ಹೆಮ್ಮೆಯಿಂದ ನನ್ನ ಎದೆ ಉಬ್ಬಿತು.

ಹೊರಗೆ ಪ್ರಿಂಟರ್ ಗರಗರ ಶುರುವಾಯಿತು. ಅಷ್ಟರಲ್ಲಿ ಹೆಂಗಸರೂ ಬಂದರು. "ನೋಡು ಓಬಮ್ಮ, ನನ್ನ ಕೆಲಸ!" ಎಂದು ಕೈ ಬೀಸಿ ತೋರಿಸಿದೆ. ಗಣಪತಿ ಬಂದ. ಮತ್ತೆ ಗಣಪತಿ ಬಂದ. ಬೆಳಗಿನಿಂದ ನಾನು ಒತ್ತಿದ್ದೆಲ್ಲ ಒಳಗೇ ಸಾಲುಗಟ್ಟಿ ಕಾದಿತ್ತಂತೆ! ಅಂಗಡಿಯಲ್ಲಿ ಉಳಿದಿದ್ದ ಪೇಪರೆಲ್ಲ ಮುಗಿಯುವವರೆಗೂ ಗಣಪತಿಯೇ ಬಂದ.

"ಬರೀ ಗಣಪನೇ ಐತಲ್ಲವ್ವ! ಮಂಗಳಾರತಿ ಎಲ್ಲೈತೆ?" ಎಂದಳು ಓಬಮ್ಮ.

ಅದು ಅಚ್ಚಾಗಲಿಲ್ಲ, ನಿಜ. ಆದರೆ ತಪ್ಪಲೂ ಇಲ್ಲ. ರಾಂಪುರದಿಂದ ಬಂದ ಯಜಮಾನರು ಖಾಲಿ ಪ್ರಿಂಟರ್ ನೋಡಿ, ಎಲ್ಲ ಹೆಂಗಸರೆದುರು, ಹಾಳೆಯ ಹಂಗಿಲ್ಲದೆ ನನಗೆ ಪೂರ್ತಿ ಮಂಗಳಾರತಿ ಎತ್ತಿದರು!