ಭಾಗ್ಯಳಿಗೆ ನಾನು ಕೊಟ್ಟ ಮೂವತ್ತೊಂದು ಅಂಕ

ನಾನು ಗಣಿತದ ಶಿಕ್ಷಕಿ. ಅರಳಗುಪ್ಪೆ ಕಡೆಯ ಒಂದು ಪ್ರೌಢಶಾಲೆಯಲ್ಲಿ ಹದಿನೆಂಟು ವರ್ಷದಿಂದ ಬೀಜಗಣಿತ ಹೇಳಿಕೊಡುತ್ತಿದ್ದೇನೆ. ಯಾವ ಮಗು ಮುಂದೆ ಏನಾಗುತ್ತದೆ ಎಂದು ಒಂಬತ್ತನೇ ತರಗತಿಯಲ್ಲೇ ಹೇಳಬಲ್ಲೆ ಎಂಬ ನಂಬಿಕೆ ನನಗೆ. ಸ್ಟಾಫ್ ರೂಮಿನಲ್ಲಿ ಇದನ್ನು ಆಗಾಗ ಹೇಳುತ್ತಲೂ ಇದ್ದೆ. ಯಾರೂ ಎದುರು ಮಾತಾಡುತ್ತಿರಲಿಲ್ಲ. ಎದುರು ಮಾತಾಡಿದರೆ ಇನ್ನರ್ಧ ಗಂಟೆ ಹೇಳುತ್ತೇನೆಂಬ ಭಯಕ್ಕೆ ಅವರೆಲ್ಲ ಸುಮ್ಮನಿದ್ದರು ಎಂದು ಈಗ ಹೊಳೆಯುತ್ತಿದೆ.

ನಮ್ಮ ಪಿ.ಟಿ. ಮೇಷ್ಟ್ರಿಗೆ ಜೂನ್‌ನಲ್ಲಿ ವರ್ಗವಾಯಿತು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಅದೇ ಸಮಯಕ್ಕೆ ಹಳೇ ವಿದ್ಯಾರ್ಥಿಯೊಬ್ಬ ಎರಡು ಫುಟ್‌ಬಾಲ್, ಹನ್ನೆರಡು ಹಳದಿ ಜರ್ಸಿ ಕಳಿಸಿಬಿಟ್ಟ. ಖೋಖೋ, ಕಬಡ್ಡಿ ಬಿಟ್ಟರೆ ಬೇರೆ ಆಟವನ್ನೇ ಕಾಣದ ಶಾಲೆ ನಮ್ಮದು. ಹೆಡ್‌ಮಾಸ್ಟರು ನನ್ನನ್ನು ಕರೆದರು.

"ಮೇಡಂ, ತಿಪಟೂರಿನಲ್ಲಿ ತಾಲ್ಲೂಕು ಮಟ್ಟದ ಕ್ರೀಡಾಕೂಟ ಇದೆ. ಹೆಣ್ಣುಮಕ್ಕಳ ಫುಟ್‌ಬಾಲ್ ತಂಡ ಕಟ್ಟಬೇಕು. ನೀವೇ ಇನ್‌ಚಾರ್ಜು."

"ಸಾರ್, ನನಗೆ ಫುಟ್‌ಬಾಲು..."

"ನಿಮ್ಮ ಕಣ್ಣು ತಪ್ಪೋದೇ ಇಲ್ಲ ಅಂತೀರಲ್ಲ ಮೇಡಂ!"

ಹೀಗೆ ಹೇಳಿ ಬೀರುವಿನಿಂದ ಪಿ.ಟಿ. ಮೇಷ್ಟ್ರು ಬಿಟ್ಟುಹೋಗಿದ್ದ ಪೀಪಿಯನ್ನು ತೆಗೆದು ಕೈಗಿತ್ತರು. ಅದನ್ನು ಕೊರಳಿಗೆ ಹಾಕಿಕೊಂಡ ಕೂಡಲೇ ನನಗೆ ಫುಟ್‌ಬಾಲ್ ಅರ್ಧ ಬಂದಂತೆ ಅನಿಸಿತು!

ಉಳಿದರ್ಧ ಕಲಿಯಲು ಸಂಜೆ ಯಜಮಾನರ ಮುಂದೆ ಕೂತೆ. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿರುವ ಪರಮೇಶಪ್ಪನವರು ನಮ್ಮ ಯಜಮಾನರು. ಟೀವಿಯಲ್ಲಿ ಫುಟ್‌ಬಾಲ್ ನೋಡುವುದು ಅವರಿಗಿರುವ ಒಂದೇ ಚಟ.

"ರೀ, ಒಂದು ತಂಡದಲ್ಲಿ ಎಲ್ಲಕ್ಕಿಂತ ಮುಖ್ಯ ಯಾರು?"

"ಸ್ಟ್ರೈಕರ್ ಕಣೇ. ಎಲ್ಲರಿಗಿಂತ ಮುಂದೆ ನಿಂತು ಗೋಲು ಹೊಡೆಯೋನು. ಅವನೊಬ್ಬ ಸರಿಯಾಗಿ ಸಿಕ್ಕುದ್ರೆ ಮಿಕ್ಕಿದ್ದೆಲ್ಲ ಆಯ್ತದೆ."

"ಅಂಥವರನ್ನ ಹೆಂಗೆ ಕಂಡುಹಿಡಿಯೋದು?"

"ಅದು ನೋಡ್ತಾ ನೋಡ್ತಾ ಗೊತ್ತಾಯ್ತದೆ ಬುಡು."

ನೋಡ್ತಾ ನೋಡ್ತಾ ಗೊತ್ತಾಗುವುದಂತೆ! ಗಣಿತದವರ ಮುಂದೆ ಆಡುವ ಮಾತೇ ಇದು? ಆವತ್ತೇ ಕೂತು ನೂರು ಅಂಕಗಳ ಮೌಲ್ಯಮಾಪನ ಪಟ್ಟಿ ತಯಾರಿಸಿದೆ. ಓಟಕ್ಕೆ ಮೂವತ್ತು. ಉತ್ಸಾಹಕ್ಕೆ ಇಪ್ಪತ್ತೈದು. ಚೆಂಡಿನ ಜೊತೆ ಕಳೆದ ಸಮಯಕ್ಕೆ ಇಪ್ಪತ್ತು. ಶಿಸ್ತಿಗೆ ಹದಿನೈದು. ಸಮವಸ್ತ್ರಕ್ಕೆ ಹತ್ತು. ಕೊನೆಯಲ್ಲಿ ಷರಾ ಬರೆಯಲು ಒಂದು ಕಾಲಂ. ಗೋಲಿಗೆ ಅಂಕ ಇಡುವುದನ್ನು ಮರೆತಿದ್ದೆ ಎಂದು ಆಮೇಲೆ ಗೊತ್ತಾಯಿತು.

ಶನಿವಾರ ಬೆಳಿಗ್ಗೆ ಆಯ್ಕೆ. ಪೀಪಿ ಊದಿದೆ. ಹದಿನಾರು ಹುಡುಗಿಯರು ಬೇಸಿನ್‌ಗೆ ಬಿಟ್ಟ ಮೀನಿನ ಹಾಗೆ ಚೆಂಡಿನ ಸುತ್ತ ಸುತ್ತತೊಡಗಿದರು. ಅವರಲ್ಲಿ ಮೊದಲು ನನ್ನ ಕಣ್ಣಿಗೆ ಬಿದ್ದವಳು ಹತ್ತನೇ ತರಗತಿಯ ಹರ್ಷಿತಾ. ಏನು ಓಟ! ಚೆಂಡು ಬಲಕ್ಕೆ ಹೋದರೆ ಬಲಕ್ಕೆ, ಎಡಕ್ಕೆ ಹೋದರೆ ಎಡಕ್ಕೆ. ಒಮ್ಮೆಯಂತೂ ಚೆಂಡು ಕಾಲಲ್ಲಿಟ್ಟುಕೊಂಡು ಗೆರೆ ದಾಟಿ, ಬಿಸಿಯೂಟದ ಕೋಣೆಯವರೆಗೂ ಹೋಗಿಬಂದಳು. ಅಡುಗೆಯವರು ಸೌಟು ಹಿಡಿದುಕೊಂಡೇ ಹೊರಗೆ ಬಂದರು. ತೊಂಬತ್ತನಾಲ್ಕು ಅಂಕ ಕೊಟ್ಟೆ.

ಒಂಬತ್ತನೇ ತರಗತಿಯ ಭಾಗ್ಯ ಮಾತ್ರ ನಿಂತೇ ಇದ್ದಳು. ತೆಂಗಿನಕಾಯಿ ಕೀಳುವ ರಾಮಣ್ಣನ ಮಗಳು, ಸಣ್ಣ ಆಳು, ಎರಡು ಜಡೆ, ಮಾತು ಕಡಿಮೆ. ಎಲ್ಲರೂ ಚೆಂಡಿನ ಹಿಂದೆ ಧೂಳೆಬ್ಬಿಸುತ್ತಿದ್ದರೆ ಇವಳು ಗೋಲಿನ ಹತ್ತಿರ ಒಂದು ಕಡೆ ನಿಂತು, ನಾಲ್ಕು ಹೆಜ್ಜೆ ಇಟ್ಟು, ಇನ್ನೊಂದು ಕಡೆ ನಿಲ್ಲುವಳು. ಕಾಲುಚೀಲ ಬೇರೆ ಜಾರಿಹೋಗಿತ್ತು.

"ಭಾಗ್ಯಾ, ಬಸ್ಸಿಗೆ ಕಾಯ್ತಿದ್ದೀಯೇನೇ? ಓಡು!" ಎಂದು ಕೂಗಿದೆ.

ಅವಳು ನನ್ನ ಕಡೆ ನೋಡಿ ನಕ್ಕಳು. ಅಷ್ಟರಲ್ಲಿ ಚೆಂಡು ಎಲ್ಲಿಂದಲೋ ಬಂದು ಅವಳ ಕಾಲ ಬಳಿಯೇ ಬಿತ್ತು. ಮೆಲ್ಲಗೆ ತಳ್ಳಿದಳು, ಗೋಲಾಯಿತು. ಹೀಗೆ ಮೂರು ಸಲ ಆಯಿತು. ಮೂರು ಸಲವೂ ನಾನು 'ಅದೃಷ್ಟ' ಎಂದು ಬರೆದುಕೊಂಡೆ! ಅದೃಷ್ಟಕ್ಕೆ ಪಟ್ಟಿಯಲ್ಲಿ ಅಂಕವಿರಲಿಲ್ಲ. ಕೂಡಿದೆ: ಮೂವತ್ತೊಂದು. ಷರಾ: 'ಸುಮ್ಮನೆ ನಿಲ್ಲುತ್ತಾಳೆ. ಆಟದಲ್ಲಿ ಆಸಕ್ತಿಯಿಲ್ಲ.'

ಆದರೆ ಹನ್ನೊಂದು ಜನ ಬೇಕಲ್ಲ. ಗೋಲ್‌ಕೀಪರ್ ಆಗಲು ಯಾರೂ ಒಪ್ಪಲಿಲ್ಲ. ನನಗೆ ತಕ್ಷಣ ಹೊಳೆಯಿತು. ನಿಲ್ಲುವ ಕೆಲಸಕ್ಕೆ ನಿಲ್ಲುವವಳೇ ಸರಿ!

"ಮಿಸ್, ನಾನು ಮುಂದೆ ಆಡ್ಲಾ?" ಎಂದು ಭಾಗ್ಯ ಒಂದೇ ಒಂದು ಸಲ ಕೇಳಿದಳು.

"ಮುಂದೆ ಆಡೋರು ಓಡ್ಬೇಕು ಕಣಮ್ಮ. ನಿನ್ನ ಸ್ವಭಾವಕ್ಕೆ ಇದೇ ಸರಿ" ಎಂದೆ. ಅವಳು ತಲೆಯಾಡಿಸಿ, ಕಾಲುಚೀಲ ಎಳೆದುಕೊಂಡು ಹೋಗಿ ಗೋಲಿನಲ್ಲಿ ನಿಂತಳು. ಆ ತಲೆಯಾಡಿಸಿದ್ದು ಈಗಲೂ ನೆನಪಾಗುತ್ತದೆ.

ಕ್ರೀಡಾಕೂಟದ ದಿನ ಜಿಲ್ಲೆಯಿಂದ ಒಬ್ಬ ಹಿರಿಯ ಕೋಚ್ ಬಂದಿದ್ದರು. ಚೆನ್ನಾಗಿ ಆಡಿದ ಒಂದಿಬ್ಬರನ್ನು ತುಮಕೂರಿನ ತರಬೇತಿ ಶಿಬಿರಕ್ಕೆ ಆರಿಸುತ್ತಾರೆಂಬ ಸುದ್ದಿ ಇತ್ತು. ನಾನು ಬಿಡುವವಳೇ? ನೇರವಾಗಿ ಹೋಗಿ ನಮಸ್ಕಾರ ಮಾಡಿ, ನನ್ನ ಮೌಲ್ಯಮಾಪನ ಪಟ್ಟಿಯ ಒಂದು ಪ್ರತಿಯನ್ನು ಕೈಯಲ್ಲಿಟ್ಟೆ.

"ಏನ್ ಮೇಡಂ ಇದು?" ಎಂದರು.

"ವೈಜ್ಞಾನಿಕ ಆಯ್ಕೆ ಸಾರ್" ಎಂದೆ.

ಅವರು ಕನ್ನಡಕ ಏರಿಸಿ ಒಮ್ಮೆ ಪಟ್ಟಿ, ಒಮ್ಮೆ ನನ್ನ ಕೊರಳ ಪೀಪಿ ನೋಡಿ, ಪಟ್ಟಿಯನ್ನು ಮಡಿಚಿ ಜೇಬಿಗಿಟ್ಟುಕೊಂಡರು. ಮೆಚ್ಚಿದರೆಂದು ತಿಳಿದೆ!

ಪಂದ್ಯ ಶುರುವಾಯಿತು. ಯಜಮಾನರು ಮಂಡಿಗೆ ಬಾಗಿಲು ಹಾಕಿ ನೋಡಲು ಬಂದಿದ್ದರು. ಹರ್ಷಿತಾ ಓಡಿದಳು, ಓಡಿದಳು, ಓಡುತ್ತಲೇ ಇದ್ದಳು. ಪಾಪ, ಮಗು ಮೈದಾನದ ಒಂದು ಮೂಲೆಯನ್ನೂ ಬಿಡಲಿಲ್ಲ. ಗೋಲಿನ ಮೂಲೆಯೊಂದನ್ನು ಬಿಟ್ಟು! ಎದುರಾಳಿಗಳು ಒಂದು ಗೋಲು ಹೊಡೆದರು. ಅವರು ಇನ್ನೂ ಐದಾರು ಸಲ ಹೊಡೆದದ್ದೆಲ್ಲ ಭಾಗ್ಯ ನಿಂತಲ್ಲಿಗೇ ಬಂತು.

"ಯಾರೇ ಆ ಗೋಲಲ್ಲಿರೋ ಹುಡುಗಿ?" ಯಜಮಾನರು ಕೇಳಿದರು.

"ಅವಳಾ? ಮೂವತ್ತೊಂದು."

"ರೋಲ್ ನಂಬರ್ರಾ?"

ನಾನು ಸೆರಗಿನಿಂದ ಪೀಪಿ ಒರೆಸತೊಡಗಿದೆ.

ಪಂದ್ಯ ಮುಗಿಯಲು ಎರಡು ಮೂರು ನಿಮಿಷ ಉಳಿದಿತ್ತು. ಆಗ ಭಾಗ್ಯ ನನ್ನನ್ನು ಒಂದು ಮಾತೂ ಕೇಳದೆ ಗೋಲು ಬಿಟ್ಟು ಹೊರಟಳು! ಮೈದಾನದ ಮಧ್ಯ ದಾಟಿ, ಎದುರಾಳಿಗಳ ಗೋಲಿನ ಮುಂದೆ ಹೋಗಿ ಸುಮ್ಮನೆ ನಿಂತಳು. ನಮ್ಮ ಗೋಲು ಬಾಗಿಲು ತೆಗೆದಿಟ್ಟ ಮನೆಯಂತೆ ಕಾಣುತ್ತಿತ್ತು. ಆ ಹೊತ್ತಿಗೆ ಹರ್ಷಿತಾ ಕಣ್ಣು ಮುಚ್ಚಿ ಒದ್ದ ಚೆಂಡು ಗೋಲಿನ ಕಂಬಕ್ಕೆ ಬಡಿದು ವಾಪಸ್ ಚಿಮ್ಮಿತು. ಎಲ್ಲಿಗೆ? ಭಾಗ್ಯ ನಿಂತಲ್ಲಿಗೆ!

ಆಗ ನಾನು ಚೆಂಡನ್ನು ನೋಡುತ್ತಿರಲಿಲ್ಲ. ಖಾಲಿ ಗೋಲನ್ನು ನೋಡುತ್ತಿದ್ದೆ. "ಭಾಗ್ಯಾ, ಹಿಂದಕ್ಕೆ ಬಾರೇ!" ಎಂದು ಕೂಗಿದೆ. ಕೇಳಿಸಲಿಲ್ಲವೇನೋ ಅಂದುಕೊಂಡು, ಇದ್ದ ಶಕ್ತಿಯನ್ನೆಲ್ಲ ಹಾಕಿ ಪೀಪಿ ಊದಿದೆ.

ರೆಫರಿಯೇ ಊದಿದರೆಂದು ಎದುರಾಳಿ ಹುಡುಗಿಯರೆಲ್ಲ ಇದ್ದಲ್ಲೇ ನಿಂತುಬಿಟ್ಟರು. ಭಾಗ್ಯ ಮೆಲ್ಲಗೆ ತಳ್ಳಿದಳು. ಚೆಂಡು ಗೋಲಿನೊಳಗೆ ಹೋಯಿತು. ನಮ್ಮ ಮಕ್ಕಳು ಕುಣಿದರು. ಯಜಮಾನರು ಟವೆಲ್ ಮೇಲಕ್ಕೆ ತೂರಿದರು.

ಅದು ಕೆಳಗೆ ಬೀಳುವಷ್ಟರಲ್ಲಿ ರೆಫರಿ ಎರಡೂ ಕೈ ಆಡಿಸಿದರು. ಹೊರಗಿನಿಂದ ಸೀಟಿ ಬಂದು ಆಟ ನಿಂತಿದ್ದರಿಂದ ಗೋಲು ರದ್ದು!

ಆಮೇಲೆ ಅವರು ನನ್ನತ್ತ ನಡೆದುಬಂದು ಕೈ ಚಾಚಿದರು. "ಕೊಡಿ ಮೇಡಂ ಅದನ್ನ."

ಹದಿನೆಂಟು ವರ್ಷದಿಂದ ಮಕ್ಕಳ ಮೊಬೈಲು, ಬಳಪ, ಬುಗುರಿ ಕಿತ್ತುಕೊಂಡವಳು ನಾನು. ಅವತ್ತು ಮುನ್ನೂರು ಜನರ ಎದುರು ನನ್ನ ಪೀಪಿ ಕಿತ್ತುಕೊಂಡರು.

ನಾವು ಸೋತೆವು. ಮಕ್ಕಳು ಅತ್ತರು. ನಾನು ಮರದ ಬುಡದಲ್ಲಿ ಕೂತಿದ್ದೆ. ಏನು ಮುಖ ಇಟ್ಟುಕೊಂಡು ಸಮಾಧಾನ ಹೇಳುವುದು? ಕೊನೆಗೆ ಭಾಗ್ಯಳೇ ನೀರಿನ ಬಾಟಲಿ ಹಿಡಿದು ಬಂದಳು.

"ಕುಡೀರಿ ಮಿಸ್. ಅಳ್ಬ್ಯಾಡಿ. ಅವ್ರು ಬರ್ಕೊಳ್ದಿದ್ರೂ ಒಳೀಕ್ ಹೋಗಿದ್ದು ಹೋಯ್ತಲ್ಲ, ಬುಡಿ."

ಆಗಲೇ ಕೋಚ್ ಬಂದರು. ಜೇಬಿನಿಂದ ನನ್ನ ಪಟ್ಟಿ ತೆಗೆದು ಎಲ್ಲರಿಗೂ ಕೇಳುವಂತೆ ಓದಿದರು. "ಭಾಗ್ಯ. ಮೂವತ್ತೊಂದು. ಸುಮ್ಮನೆ ನಿಲ್ಲುತ್ತಾಳೆ." ನನಗೆ ಆ ಮರದ ಬೇರಿನೊಳಗೆ ಇಳಿದುಬಿಡೋಣ ಅನಿಸಿತು. ಅವರು ಭಾಗ್ಯಳ ಕಡೆ ತಿರುಗಿದರು.

"ಯಾಕಮ್ಮ ಸುಮ್ನೆ ನಿಂತ್ಕೋತೀಯ?"

"ಸುಮ್ಕೆ ಅಲ್ಲ ಸಾ. ಅಪ್ಪ ಕಾಯಿ ಕಿತ್ತಾಗ ನಾನು ಗುಡ್ಡೆ ಹಾಕ್ತೀನಿ. ಬೀಳೋ ಕಾಯಿ ಹಿಂದೆ ಓಡುದ್ರೆ ತಲೆ ಮ್ಯಾಲೇ ಬೀಳ್ತದೆ. ಎಲ್ಲಿಗೆ ಉಳ್ಳಾಡ್ಕೊಂಡು ಬತ್ತದೆ ಅಂತ ನೋಡ್ಕೊಂಡು ಅಲ್ಲಿ ನಿಂತ್ಕಂಡ್ರೆ ಅದೇ ಬತ್ತದೆ."

ಕೋಚ್ ಪಟ್ಟಿಯನ್ನು ಮಡಿಚಿ ನನ್ನ ಕೈಗಿತ್ತರು. ಆಮೇಲೆ ನನಗೆ ಹೇಳಿದರು, "ಮೇಡಂ, ಎಲ್ಲಿ ನಿಲ್ಬೇಕು ಅನ್ನೋದನ್ನ ಕಲಿಸೋಕೆ ನಾನು ವರ್ಷಗಟ್ಟಲೆ ಒದ್ದಾಡ್ತೀನಿ. ಈ ಮಗುಗೆ ಅದು ಬಂದುಬಿಟ್ಟಿದೆ. ಶಿಬಿರಕ್ಕೆ ಕಳಿಸಿ. ಗೋಲ್‌ಕೀಪರ್ ಆಗಿ ಅಲ್ಲ!"

ಭಾಗ್ಯಳ ಅಪ್ಪ ರಾಮಣ್ಣನನ್ನು ಒಪ್ಪಿಸುವ ಹೊಣೆ ನನ್ನ ಮೇಲೆ ಬಿತ್ತು. ಮಾರನೇ ದಿನ ಅವರ ಮನೆಗೆ ಹೋದೆ. ರಾಮಣ್ಣ ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿ, ಎಳನೀರು ಕೆತ್ತಿಕೊಟ್ಟು, ಎಲ್ಲವನ್ನೂ ಕೇಳಿಸಿಕೊಂಡ.

"ಎಣ್ಣುಡುಗಿ ಮಿಸ್. ಅಷ್ಟು ದೂರ, ಗೊತ್ತಿಲ್ದಿರೋ ಜನ. ನಂಗೆ ಈ ಚೆಂಡಾಟ ಗೊತ್ತಾಗಕಿಲ್ಲ. ನೀವು ಓದ್ಕಂಡಿರೋರು. ಇವಳು ನಿಜ್ವಾಗ್ಲೂ ಆಡ್ತಾಳಾ? ನೀವು ಹೂಂ ಅಂದ್ರೆ ಕಳುಸ್ತೀನಿ."

ಒಳಬಾಗಿಲ ಹಿಂದೆ ಭಾಗ್ಯ ನಿಂತಿದ್ದಳು. ಹೂಂ ಎಂದುಬಿಟ್ಟಿದ್ದರೆ ಆಗುತ್ತಿತ್ತು. ಆದರೆ ನನ್ನ ಬಾಯಿಂದ ಅಷ್ಟು ಸುಲಭವಾಗಿ ಆ ಮಾತು ಬರಲಿಲ್ಲ.

"ರಾಮಣ್ಣ, ನನ್ನ ಮಾತು ಕೇಳ್ಬೇಡಪ್ಪ" ಎಂದೆ. "ನಾನು ಇವಳಿಗೆ ಕೊಟ್ಟಿದ್ದು ನೂರಕ್ಕೆ ಮೂವತ್ತೊಂದು. ಮುಂದೆ ಆಡ್ತೀನಿ ಅಂದವಳನ್ನ ಹಿಂದಕ್ಕೆ ನಿಲ್ಲಿಸ್ದೆ. ಅವಳು ಹೊಡೆದ ಗೋಲನ್ನೂ ನಾನೇ ಕೆಡಿಸ್ದೆ. ನಂಗೆ ಏನೂ ಗೊತ್ತಿಲ್ಲ. ಗೊತ್ತಿರೋರು ಆ ಕೋಚು, ಅವರು ಕಳಿಸಿ ಅಂದವ್ರೆ."

ಇಷ್ಟು ವರ್ಷದಲ್ಲಿ 'ನನಗೆ ಗೊತ್ತಿಲ್ಲ' ಎಂದದ್ದು ಅದೇ ಮೊದಲು. ರಾಮಣ್ಣ ನನ್ನ ಮುಖವನ್ನೇ ನೋಡಿದ. ಆಮೇಲೆ ಗಟ್ಟಿಯಾಗಿ ನಗತೊಡಗಿದ.

"ಮಿಸ್ಸೇ ತಪ್ಪಾಯ್ತು ಅಂತವ್ರೆ ಅಂದ್ಮ್ಯಾಲೆ ಇದು ದಿಟವೇ ಇರ್ಬೇಕು. ಲೇ ಭಾಗ್ಯಾ, ಬಟ್ಟೆ ಜೋಡುಸ್ಕೊಳ್ಳವ್ವ."

ಮುಂದಿನ ವಾರ ತಿಪಟೂರು ಬಸ್ ಸ್ಟ್ಯಾಂಡಿಗೆ ಅವಳನ್ನು ಬೀಳ್ಕೊಡಲು ನಾನೂ ಯಜಮಾನರೂ ಹೋದೆವು. ರಾಮಣ್ಣ ಜೊತೆಯಲ್ಲಿ ಹೊರಟಿದ್ದ. ಧೈರ್ಯವಾಗಿರು, ಹೊತ್ತಿಗೆ ಸರಿಯಾಗಿ ಊಟ ಮಾಡು, ಗಣಿತ ಬಿಡಬೇಡ ಎಂದು ಉಪದೇಶ ಮಾಡಿದೆ. ಅವಳು ಕಾಲಿಗೆ ನಮಸ್ಕಾರ ಮಾಡಿದಳು. ನನಗೆ ಕಣ್ಣು ಮಂಜಾಯಿತು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಬಸ್ಸು ಹೊರಟಿತ್ತು. ಕಿಟಕಿಯಲ್ಲಿ ಎರಡು ಜಡೆ ಕಂಡವು. ನಾನು ಬಸ್ಸಿನ ಪಕ್ಕದಲ್ಲೇ ಹೆಜ್ಜೆ ಹಾಕುತ್ತಾ ಜೋರಾಗಿ ಕೈಬೀಸಿದೆ.

"ಹೋಗ್ಬಾರಮ್ಮಾ! ನಿನ್ನನ್ನ ಎಲ್ಲಿದ್ರೂ ಗುರುತು ಹಿಡೀತೀನಿ ಕಣೇ!"

ಕಿಟಕಿಯಲ್ಲಿದ್ದ ಹುಡುಗಿ ಬೆಚ್ಚಿಬಿದ್ದು ಅಮ್ಮನನ್ನು ಅಪ್ಪಿಕೊಂಡಳು.

ಹಿಂದಿನಿಂದ ಯಾರೋ ನನ್ನ ಸೆರಗು ಜಗ್ಗಿದರು.

"ಮಿಸ್, ಅದು ಹುಳಿಯಾರ್ ಬಸ್ಸು. ನಮ್ದು ಇನ್ನೂ ಬಂದಿಲ್ಲ."