ನನ್ನ ಲ್ಯಾಪ್‌ಟಾಪಿನೊಳಗೆ ಬಾದನಹಟ್ಟಿಯ ಬಾಗಿಲುಗಳು

ಭದ್ರತೆಯ ವಿಷಯದಲ್ಲಿ ನನ್ನನ್ನು ಮೀರಿಸುವವರು ಬಳ್ಳಾರಿಯ ಗಾಂಧಿನಗರದಲ್ಲಿ ಯಾರೂ ಇಲ್ಲ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ನಾನೊಂದು ಖಾಸಗಿ ಕಾಲೇಜಿನ ಕಚೇರಿಯಲ್ಲಿ ಗುಮಾಸ್ತ. ಓಟಿಪಿ ಯಾರಿಗೂ ಹೇಳಬೇಡಿ, ಗುರುತಿಲ್ಲದ ಲಿಂಕು ಒತ್ತಬೇಡಿ ಎಂದು ಪ್ರತಿದಿನ ಬೆಳಿಗ್ಗೆ ಬಂಧುಗಳ ವಾಟ್ಸಾಪ್ ಗುಂಪಿಗೆ ಸಂದೇಶ ಕಳಿಸುವುದು ನನ್ನ ವ್ರತ. ಎಲ್ಲರೂ ಕೈ ಮುಗಿಯುವ ಚಿತ್ರ ಹಾಕುತ್ತಿದ್ದರು. ಸಾಕು ಮಾರಾಯ ಎಂಬುದಕ್ಕೂ ಅದೇ ಚಿತ್ರ ಹಾಕುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಇಂಥ ನಾನು ನನ್ನ ಲ್ಯಾಪ್‌ಟಾಪನ್ನು ಕೈಯಾರೆ ಬಸ್ಸಿನ ಕಿಟಕಿಯೊಳಗೆ ಎಸೆದೆ.

ಸಿರುಗುಪ್ಪದಲ್ಲಿ ನಾದಿನಿಯ ಮನೆಯ ಗೃಹಪ್ರವೇಶವಿತ್ತು. ಷಡ್ಡಕನ ಮುಂದೆ ನನಗೂ ಒಂದಿಷ್ಟು ತೂಕವಿರಲಿ ಎಂದು ಲ್ಯಾಪ್‌ಟಾಪ್ ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೊರಟಿದ್ದೆ. ಬಸ್ಸು ಬಂದು ನಿಂತಾಗ ಬಾಗಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮ ಕಡೆ ಇಂಥ ಹೊತ್ತಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವೆ. ಟವೆಲ್ ಬಿದ್ದ ಸೀಟಿನಲ್ಲಿ ಇನ್ನೊಬ್ಬರು ಕೂಡುವುದಿಲ್ಲ. ಇದು ಯಾರೂ ಬರೆಯದೆ ಎಲ್ಲರೂ ಪಾಲಿಸುವ ಕಾನೂನು. ಆದರೆ ಅಂದು ನನ್ನ ಹತ್ತಿರ ಟವೆಲ್ ಇರಲಿಲ್ಲ. ಕರವಸ್ತ್ರವನ್ನು ಹೆಂಡತಿ ಗಿರಿಜೆ ಬೆವರು ಒರೆಸಿಕೊಳ್ಳಲು ತೆಗೆದುಕೊಂಡಿದ್ದಳು. ಟವೆಲ್ಲಿಗೇ ಅಷ್ಟು ಮರ್ಯಾದೆ ಇರುವಾಗ ಲ್ಯಾಪ್‌ಟಾಪಿಗೆ ಎಷ್ಟಿರಬೇಡ! ಎಸೆದೆ. ಜನರನ್ನು ಸೀಳಿಕೊಂಡು ಒಳಗೆ ಹೋದಾಗ ಆ ಸೀಟಿನಲ್ಲಿ ಒಬ್ಬ ಅಜ್ಜ ಆರಾಮಾಗಿ ಕೂತಿದ್ದ. ಚೀಲ ಎಲ್ಲಿ ಎಂದೆ. ಯಾವ ಚೀಲ ಎಂದ. ಚೀಲವೂ ಹೋಯಿತು, ಸೀಟೂ ಹೋಯಿತು!

ಪೊಲೀಸ್ ಠಾಣೆಯಲ್ಲಿ ಪೇದೆ ಚೀಲ ಎಲ್ಲಿತ್ತು ಎಂದು ಕೇಳಿದರು. ಬಸ್ಸಿನ ಒಳಗೆ ಎಂದೆ. ನೀವು ಎಲ್ಲಿದ್ರಿ ಎಂದರು. ಹೊರಗೆ ಎಂದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿ ಮತ್ತೆ ಬರೆದರು. ಲ್ಯಾಪ್‌ಟಾಪಿನ ಸ್ಥಿತಿ 'ಅತ್ಯುತ್ತಮ' ಎಂದು ಬರೆಸಿದೆ. ನಿಜ ಹೇಳಬೇಕೆಂದರೆ ಅದರ ಮುಚ್ಚಳದ ಕೀಲು ಮುರಿದು ರಬ್ಬರ್ ಬ್ಯಾಂಡಿನ ಆಧಾರದಲ್ಲಿ ನಿಂತಿತ್ತು, ಬ್ಯಾಟರಿ ಸತ್ತು ವರ್ಷಗಳಾಗಿದ್ದವು, ಗುಂಡಿ ಒತ್ತಿ ಸ್ನಾನಕ್ಕೆ ಹೋದರೆ ಪೂಜೆ ಮುಗಿಸಿ ಬರುವಷ್ಟರಲ್ಲಿ ಅದು ಕಣ್ಣು ಬಿಡುತ್ತಿತ್ತು. ಕದ್ದವನೇ ಬೈದು ವಾಪಸು ತಂದುಕೊಡುತ್ತಾನೆ ಎಂದು ಗಿರಿಜೆ ಸಮಾಧಾನ ಹೇಳಿದಳು.

ಹಲವು ತಿಂಗಳ ಮೇಲೆ ಠಾಣೆಯಿಂದ ಕರೆ ಬಂತು. ಕಳ್ಳ ಸಿಕ್ಕಿದ್ದ. ಅವನು ಅದನ್ನು ಕೌಲ್ ಬಜಾರಿನಲ್ಲಿ ಮಾರಿಬಿಟ್ಟಿದ್ದ. ಕಾಗದಪತ್ರದ ಕೆಲಸವೆಲ್ಲ ಮುಗಿಸಿ ನಾವಿಬ್ಬರೂ ಹೋದಾಗ ಮೇಜಿನ ಮೇಲೆ ಒಂದು ಲ್ಯಾಪ್‌ಟಾಪ್ ಇಟ್ಟಿದ್ದರು. ಮುಚ್ಚಳ ತನ್ನಷ್ಟಕ್ಕೆ ತಾನೇ ನೆಟ್ಟಗೆ ನಿಂತಿತ್ತು. ಕೀಲಿಗೆ ಯಾರೋ ಸಣ್ಣ ತಗಡಿನ ಪಟ್ಟಿ ಹಾಕಿ ಅಚ್ಚುಕಟ್ಟಾಗಿ ಸ್ಕ್ರೂ ಹೊಡೆದಿದ್ದರು. ಗುಂಡಿ ಒತ್ತಿದರೆ ಕೂಡಲೇ ಬೆಳಕು ಬಂತು. ಇದು ನನ್ನದಲ್ಲ ಎಂದುಬಿಟ್ಟೆ. ಗಿರಿಜೆ ಅದನ್ನು ಮಗುಚಿ, ಹಿಂದೊಮ್ಮೆ ತಾನು ಬಿಸಿ ಹಾಲಿನ ಪಾತ್ರೆ ಇಟ್ಟು ಮಾಡಿದ್ದ ಗುಂಡನೆಯ ಕಲೆ ತೋರಿಸಿದಳು. ಅಂತೂ ನನ್ನ ಆಸ್ತಿಯನ್ನು ನನ್ನ ಹೆಂಡತಿ ಗುರುತಿಸಿದಳು.

ಹೊರಡುವಾಗ ಪೇದೆ, ಇದನ್ನು ಕೊಂಡಿದ್ದ ಹಳ್ಳಿಯವರ ವಿಷಯ ಏನೋ ಹೇಳಲು ಬಾಯಿ ತೆರೆದರು. ನಾನು ಬಿಡಲಿಲ್ಲ. ಠಾಣೆಯ ಕಂಪ್ಯೂಟರಿನ ಪಾಸ್‌ವರ್ಡ್ ಹೇಗಿರಬೇಕು ಎಂಬುದನ್ನು ಅವರಿಗೆ ವಿವರಿಸುವುದು ನನಗೆ ಹೆಚ್ಚು ಮುಖ್ಯವಾಗಿ ಕಂಡಿತು. ಅವರು ಸ್ವಲ್ಪ ಹೊತ್ತು ಕೇಳಿ ಎದ್ದು ಹೋದರು.

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕಚೇರಿಯಿಂದ ಎರವಲು ತಂದ ಚಾರ್ಜರ್ ಸಿಕ್ಕಿಸಿ ತಪಾಸಣೆಗೆ ಕೂತೆ. ಕಳ್ಳರ ಕೈ ದಾಟಿ ಬಂದ ಯಂತ್ರವನ್ನು ಪರೀಕ್ಷಿಸದೆ ಬಳಸುವವನು ಮೂರ್ಖ ಎಂದು ನಾನೇ ಗುಂಪಿಗೆ ಎಂದೋ ಬರೆದಿದ್ದೆ. ಮೊದಲ ಆಘಾತ: ಪಾಸ್‌ವರ್ಡೇ ಇರಲಿಲ್ಲ. ಎರಡನೆಯದು: ನನ್ನ ಕಡತಗಳು ಒಂದೂ ಇರಲಿಲ್ಲ. ಮೂರನೆಯದು: ಒಂದು ಫೋಲ್ಡರಿನ ತುಂಬ ಬಾಗಿಲುಗಳ ಫೋಟೊ!

ಬಾದನಹಟ್ಟಿಯ ಬಾಗಿಲು, ಕುರುಗೋಡಿನ ಬಾಗಿಲು. ಎದುರಿನಿಂದ ಒಂದು, ಓರೆಯಾಗಿ ಒಂದು, ಚಿಲಕದ್ದು ಹತ್ತಿರದಿಂದ ಒಂದು, ಅಗುಳಿಯದು ಇನ್ನೊಂದು. ಪ್ರತಿಯೊಂದರ ಕೆಳಗೂ ಊರು, ಮನೆಯ ಯಜಮಾನರ ಹೆಸರು. ಒಂದರ ಕೆಳಗಂತೂ, 'ಹಗಲು ಎಲ್ಲರೂ ಹೊಲದಲ್ಲಿ ಇರುತ್ತಾರೆ, ಮನೆಯಲ್ಲಿ ಅಜ್ಜಿ ಒಬ್ಬಳೇ' ಎಂದಿತ್ತು. ಇದಕ್ಕಿಂತ ಹೆಚ್ಚು ಸಾಕ್ಷಿ ಬೇಕೆ? ಕನ್ನ ಹಾಕುವವರು ಊರಿಗೆ ಊರನ್ನೇ ಅಳೆದು ಇಟ್ಟಿದ್ದಾರೆ. ನಾಳೆ ಆ ಮನೆಗಳಲ್ಲಿ ಕಳವಾದರೆ ಫೋಟೊಗಳು ಎಲ್ಲಿ ಸಿಗುತ್ತವೆ? ನನ್ನ ಲ್ಯಾಪ್‌ಟಾಪಿನಲ್ಲಿ. ಲ್ಯಾಪ್‌ಟಾಪ್ ಎಲ್ಲಿ ಸಿಗುತ್ತದೆ? ನನ್ನ ಮನೆಯಲ್ಲಿ. ಬಸ್ಸಿನ ಕಿಟಕಿಯ ಕಥೆಯನ್ನೇ ನಂಬದೆ ನನ್ನ ಮುಖ ನೋಡಿದವರು ಇದನ್ನು ನಂಬುತ್ತಾರೆಯೇ?

ಗಿರಿಜೆ ಒಗ್ಗರಣೆಯ ಸೌಟು ಹಿಡಿದುಕೊಂಡೇ ಬಂದು ನೋಡಿದಳು. ಬಾಗಿಲುಗಳು ಚೆನ್ನಾಗಿವೆ ಎಂದಳು. ಆಮೇಲೆ, "ಆ ಪೊಲೀಸಪ್ಪ ಅವತ್ತು ಏನೋ ಹೇಳಾಕ ಬಂದಿದ್ದ. ಒಂದ್ ಮಾತು ಕೇಳಿ ಆಮ್ಯಾಗ ಅಳಿಸ್ರಿ" ಎಂದಳು.

ಇಂಥ ವಿಷಯದಲ್ಲಿ ಹೆಂಗಸರು ತಲೆ ಹಾಕಬಾರದು ಎಂದೆ. ಆ ವಾಕ್ಯವನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಆದರೆ ಅಂದೆ. ಬರೀ ಅಳಿಸಿದರೆ ಮರಳಿ ತೆಗೆಯಬಹುದು ಎಂದು ನನಗೆ ಗೊತ್ತಿತ್ತು. ಆದ್ದರಿಂದ ಡಿಸ್ಕನ್ನು ಪೂರ್ತಿ ತೊಳೆದು, ಅದರ ಮೇಲೆ ಮತ್ತೆ ಮತ್ತೆ ಸೊನ್ನೆಗಳನ್ನು ಬರೆಸಿ, ಬ್ರಹ್ಮ ಬಂದರೂ ಏನೂ ಸಿಗದ ಹಾಗೆ ಮಾಡಿದೆ. ಕೆಲಸ ಮುಗಿದಾಗ ಸಂಜೆಯಾಗಿತ್ತು. ಜೀವನದಲ್ಲಿ ನಾನು ಒಂದೂ ತಪ್ಪಿಲ್ಲದೆ ಮಾಡಿ ಮುಗಿಸಿದ ಕೆಲಸ ಅದೊಂದೇ.

ಆ ವಾರವೇ ಒಬ್ಬ ರೈತ ಮತ್ತು ಅವನ ಮಗಳು ಮನೆ ಹುಡುಕಿಕೊಂಡು ಬಂದರು. ಆತನ ಹೆಸರು ಗಾದಿಲಿಂಗಪ್ಪ, ಊರು ಬಾದನಹಟ್ಟಿ. ಮಗಳು ರೇಣುಕಾ, ಬಳ್ಳಾರಿಯಲ್ಲಿ ಇತಿಹಾಸದ ಎಂ.ಎ. ಓದುತ್ತಿದ್ದಳು. ಕಳವಿನ ಮಾಲೆಂದು ತಿಳಿಯದೆ ಲ್ಯಾಪ್‌ಟಾಪನ್ನು ಮಗಳ ಓದಿಗಾಗಿ ಕೊಂಡಿದ್ದವನು ಅವನೇ. ಕೀಲಿಗೆ ತಗಡು ಹಾಕಿಸಿ, ಹೊಸ ಬ್ಯಾಟರಿ ಕೂಡಿಸಿದವನೂ ಅವನೇ. ಪೊಲೀಸರು ಜೀಪಿನಲ್ಲಿ ಬಂದು ಅದನ್ನು ಒಯ್ದಾಗ ಓಣಿಯೆಲ್ಲ ನಿಂತು ನೋಡಿತ್ತಂತೆ. ಜಗಳಕ್ಕೆ ಬಂದಿದ್ದಾನೆಂದು ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಅವನು ಕೈಚೀಲದಿಂದ ಚಾರ್ಜರ್ ತೆಗೆದ.

"ಇದು ನಮ್ಮನ್ಯಾಗ ಉಳಿದಿತ್ತು ಸರ. ಇದಿಲ್ಲದ ನಿಮಗ ತ್ರಾಸ ಆಗಿರತೈತಿ" ಎಂದ. "ಲ್ಯಾಪ್‌ಟಾಪ್ ನಿಮ್ಮದು, ನಿಮಗ ಸೇರ್ತು. ಅದರಾಗಿನ ಬಾಗ್ಲ ಅಷ್ಟ ಕೊಡ್ರಿ."

ರೇಣುಕಾ ಪೆನ್ ಡ್ರೈವ್ ಹಿಡಿದು ನಿಂತಿದ್ದಳು. ಹಳೆಯ ಮನೆಗಳ ಕೆತ್ತನೆಯ ಬಾಗಿಲುಗಳ ಮೇಲೆ ಅವಳ ಪ್ರಬಂಧವಂತೆ. ಹೊಲಕ್ಕೆ ಹೋದವರು ಬರುವತನಕ ಕಟ್ಟೆಯ ಮೇಲೆ ಕಾದು ಕೂತು ತೆಗೆದ ಫೋಟೊಗಳು. ಫೋನಿನಲ್ಲಿ ಜಾಗವಿಲ್ಲದೆ ಲ್ಯಾಪ್‌ಟಾಪಿಗೆ ಹಾಕಿ ಫೋನಿನಲ್ಲಿದ್ದವನ್ನು ತೆಗೆದುಬಿಟ್ಟಿದ್ದಳು. ಪ್ರಬಂಧ ಒಪ್ಪಿಸುವ ದಿನ ಹತ್ತಿರ ಬಂದಿತ್ತು.

ಇನ್ನೊಂದು ಪ್ರತಿ ಇಟ್ಟುಕೊಳ್ಳಬೇಕಲ್ಲವೇ ಎಂದು ಉಪದೇಶಿಸಲು ನಾಲಿಗೆ ತುದಿಗೆ ಬಂತು. ಅದನ್ನು ನುಂಗಿ, ಅದಕ್ಕಿಂತ ಕೆಟ್ಟದ್ದನ್ನು ಹೇಳಿದೆ. ನನ್ನ ಕೈಗೆ ಬಂದಾಗಲೇ ಅದು ಖಾಲಿ ಇತ್ತು ಎಂದೆ.

ಅಡುಗೆಮನೆಯಿಂದ ಗಿರಿಜೆ ನೀರಿನ ತಂಬಿಗೆ ಹಿಡಿದು ಬಂದಳು. "ಸುಳ್ಳ ಹೇಳಬ್ಯಾಡ್ರಿ" ಎಂದಳು. ಆಮೇಲೆ ಅವರ ಕಡೆ ತಿರುಗಿ, "ಇವರ ಅಳಿಸ್ಯಾರವ್ವ. ನಾ ಬ್ಯಾಡ ಅಂದಿದ್ದೆ" ಎಂದಳು.

ಹುಡುಗಿ ಪೆನ್ ಡ್ರೈವಿನ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಕಣ್ಣು ತುಂಬಿದ್ದವು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಲ್ಯಾಪ್‌ಟಾಪನ್ನೇ ಇಟ್ಟುಕೊಳ್ಳಿ ಎಂದು ಎರಡೂ ಕೈಯಲ್ಲಿ ಎತ್ತಿ ಕೊಡಲು ಹೋದೆ. ಗಾದಿಲಿಂಗಪ್ಪ ಒಂದು ಹೆಜ್ಜೆ ಹಿಂದೆ ಸರಿದ.

"ಬ್ಯಾಡ ಸರ. ಜೀಪು ಒಂದ್ಸಲ ಬಂದಿದ್ದ ಸಾಕು" ಎಂದ.

ಮುಂದಿನ ಭಾನುವಾರ ನಾನು ಬಾದನಹಟ್ಟಿಗೆ ಹೋದೆ. ಎಲ್ಲ ಫೋಟೊಗಳನ್ನೂ ಮತ್ತೆ ತೆಗೆಯಲು ರೇಣುಕಾಳಿಗೆ ಸಹಾಯ ಮಾಡುವುದು ಎಂದು ಗಿರಿಜೆ ತೀರ್ಮಾನಿಸಿದ್ದಳು; ನಾನು ಒಪ್ಪಿದ್ದೆ ಎಂದು ಬೇಕಾದರೆ ಹೇಳಬಹುದು. ಅಳತೆಯ ಟೇಪು ಹಿಡಿಯುವುದು, ಬಾಗಿಲ ಮುಂದಿನ ಸೈಕಲ್ಲು ಸರಿಸುವುದು, ಮೇಕೆ ಓಡಿಸುವುದು ನನ್ನ ಕೆಲಸ. ಫೋಟೊ ತೆಗೆಯಲು ಮಾತ್ರ ರೇಣುಕಾ ನನಗೆ ಕೊಡಲಿಲ್ಲ. ಮಧ್ಯಾಹ್ನದವರೆಗೆ ಕೆಲಸ ಚೆನ್ನಾಗಿಯೇ ಸಾಗಿತು. ನಾನೂ ಸ್ವಲ್ಪ ಉಸಿರಾಡತೊಡಗಿದ್ದೆ.

ಓಣಿಯ ಕೊನೆಯ ಮನೆಯ ಮುಂದೆ ಅವಳು ನಿಂತುಬಿಟ್ಟಳು. ಅಲ್ಲಿ ಹೊಸ ಕಬ್ಬಿಣದ ಬಾಗಿಲಿತ್ತು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಹಳೆಯದನ್ನು ಮರದ ವ್ಯಾಪಾರಿ ಯಾರೋ ಬಂದು ಒಯ್ದನೆಂದು ಮನೆಯಾಕೆ ಹೇಳಿದಳು. ಎಲ್ಲಿಗೆ ಒಯ್ದನೋ ಅವರಿಗೂ ಗೊತ್ತಿರಲಿಲ್ಲ.

"ಕುದರಿ ಕೆತ್ತಿದ್ದು ಇದರಾಗ ಇತ್ತು ಸರ" ಎಂದಳು ರೇಣುಕಾ. ಅಷ್ಟೇ ಅಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ಕುದುರೆಯ ಫೋಟೊವನ್ನು ನಾನು ನೋಡಿದ್ದೆ. ಕಡೆಯ ಸಲ ನೋಡಿದವನು ನಾನೇ ಇರಬೇಕು. ಹಿಂದಿನ ಭಾನುವಾರ ಬೆಳಿಗ್ಗೆ, ವಿಭೂತಿ ಹಚ್ಚಿಕೊಂಡು, ಅಳಿಸುವ ಮುಂಚೆ ನೋಡಿದ್ದೆ.

ಪಕ್ಕದ ಮನೆಯ ಕಟ್ಟೆಯ ಮೇಲೆ ಒಬ್ಬ ಅಜ್ಜಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದಳು. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಯಾರವ್ವ ಇವರು ಎಂದು ರೇಣುಕಾಳನ್ನು ಕೇಳಿದಳು. ಜೀಪು ಬಂದು ನಮ್ಮ ಲ್ಯಾಪ್‌ಟಾಪ್ ಒಯ್ದಿತ್ತಲ್ಲ, ಅದರ ಸಂಬಂಧ ಬಂದಿದ್ದಾರೆ ಎಂದಳು ಹುಡುಗಿ.

ಅಜ್ಜಿಯ ಕೈ ನಿಂತಿತು.

"ಓ, ಆ ಕಳ್ಳ ಇವನ ಏನು?" ಎಂದಳು. "ನೋಡಾಕ ಛಲೋ ಮನಿತನದವನ ಹಂಗ ಅದಾನಲ್ಲ."

ರೇಣುಕಾ ಗಾಬರಿಯಾಗಿ ಅಲ್ಲ ಎನ್ನಲು ಹೋದಳು. ನಾನೂ ಬಾಯಿ ತೆರೆದಿದ್ದೆ. ಕಬ್ಬಿಣದ ಬಾಗಿಲು ಪಕ್ಕದಲ್ಲೇ ಇತ್ತು. ಇರಲಿ ಬಿಡವ್ವ ಎಂದು ಟೇಪು ತೆಗೆದುಕೊಂಡು ಅಜ್ಜಿಯ ಮನೆಯ ಹೊಸ್ತಿಲ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. ಅಜ್ಜಿ ಒಳಗಿದ್ದ ಸೊಸೆಯನ್ನು ಕೂಗಿ, ಹೊರಗಿಟ್ಟ ತಾಮ್ರದ ಕೊಡ ಎತ್ತಿಡಲು ಹೇಳಿದಳು. ಸೊಸೆ ಬಂದು ಕೊಡ ಒಯ್ದಳು. ಮತ್ತೆ ಬಂದು, ನನ್ನ ಮುಖ ನೋಡುತ್ತಲೇ ಮೆಣಸಿನಕಾಯಿ ಬುಟ್ಟಿಯನ್ನೂ ಒಯ್ದಳು. ನಾನು ತಲೆ ಎತ್ತದೆ ಬಾಗಿಲ ಅಗಲ ಓದಿ ಹೇಳಿದೆ.